‘ಕ್ಲಚ್ ಬಿಡ್ತಿಲ್ಲ’: ಘರ್ಷಣೆಯ ಪಾಠಕ್ಕೊಂದು ಹಳೆಯ ಅಂಬಾಸಿಡರ್

ಎಂಟನೇ ತರಗತಿಯ ‘ಘರ್ಷಣೆ’ ಅಧ್ಯಾಯಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಒಯ್ಯುವ ಸಾಮಗ್ರಿ ಎಲ್ಲರಿಗೂ ಗೊತ್ತಿರುವುದೇ: ಮರದ ತುಂಡು, ಸ್ಪ್ರಿಂಗ್ ತ್ರಾಸು, ಮರಳು ಕಾಗದ, ಸ್ವಲ್ಪ ಎಣ್ಣೆ. ಕೊನೆಗೆ ಕಪ್ಪುಹಲಗೆಯ ಮೇಲೆ ‘ಮಿತ್ರ’ ಮತ್ತು ‘ಶತ್ರು’ ಎಂಬ ಎರಡು ಪಟ್ಟಿ. ಪಟ್ಟಿಯಲ್ಲಿ ತಪ್ಪೇನಿಲ್ಲ. ಆದರೆ ಒಂದೇ ಜಾಗದಲ್ಲಿ ಈ ಕ್ಷಣ ಘರ್ಷಣೆ ಬೇಕು, ಮರುಕ್ಷಣ ಬೇಡ ಎನ್ನುವ ಸಾಧನವನ್ನು ಯಾವ ಪಟ್ಟಿಗೆ ಸೇರಿಸುವುದು? ಕ್ಲಚ್ ಅಂಥದ್ದು. ಬೋಧನಾಭ್ಯಾಸದ ಮೂರನೇ ವಾರದಲ್ಲಿ ಈ ಅಧ್ಯಾಯದ ವಿಸ್ತರಣೆಗೆಂದು ನಾನು ಎರಡು ಅವಧಿಗಳನ್ನು ಕ್ಲಚ್‌ಗೆ ಮೀಸಲಿಟ್ಟೆ.

ಕಾರು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಶಾಲೆಯ ಪಕ್ಕದ ಶೆಡ್ಡಿನಲ್ಲಿ ಒಂದು ಹಳೆಯ ಅಂಬಾಸಿಡರ್ ಎರಡು ಮಳೆಗಾಲ ನಿಂತೇ ಇತ್ತು. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ವಿನ್ಯಾಸದ ಮೇಲೆ ತಯಾರಾಗಿ, 2014ರಲ್ಲಿ ಉತ್ಪಾದನೆ ನಿಂತ ಈ ಕಾರನ್ನು ಮಕ್ಕಳು ನೋಡಿದ್ದಾರೆ, ಹತ್ತಿದವರು ಕಡಿಮೆ. ಮಾಲೀಕರು ಹೇಳಿದ್ದು ಇಷ್ಟೇ: “ಎಂಜಿನ್ ಸ್ಟಾರ್ಟ್ ಆಗುತ್ತೆ ಮೇಡಂ, ಕ್ಲಚ್ ಬಿಡ್ತಿಲ್ಲ. ಗೇರ್ ಹಾಕಿದ್ರೆ ಕರಕರ ಅನ್ನುತ್ತೆ. ಗುಜರಿಗೆ ಹಾಕೋದೋ ಏನೋ ನೋಡ್ತಿದೀನಿ.” ಇದು ಆ ಕಾರಿನ ತಯಾರಿಕೆಯ ದೋಷವಲ್ಲ. ತೇವದಲ್ಲಿ ಬಹಳ ಕಾಲ ನಿಂತ ಯಾವ ಗಾಡಿಗೂ ಹೀಗಾಗಬಹುದು.

ಮೊದಲ ತೊಡಕು ವಿಜ್ಞಾನದ್ದಲ್ಲ, ಕನ್ನಡದ್ದು. ಡ್ರೈವಿಂಗ್ ಕಲಿಸುವವರು “ನಿಧಾನ ಕ್ಲಚ್ ಬಿಡು” ಎಂದರೆ ಕಾಲು ಎತ್ತು ಎಂದರ್ಥ. ಕಾಲು ಎತ್ತಿದಾಗ ಪ್ಲೇಟುಗಳು ಒಂದನ್ನೊಂದು ಹಿಡಿಯುತ್ತವೆ. ಮೆಕ್ಯಾನಿಕ್ “ಕ್ಲಚ್ ಬಿಡ್ತಿಲ್ಲ” ಎಂದರೆ ಕಾಲು ಒತ್ತಿದರೂ ಪ್ಲೇಟುಗಳು ಬೇರೆಯಾಗುತ್ತಿಲ್ಲ ಎಂದರ್ಥ. ಒಂದೇ ‘ಬಿಡು’, ಎರಡು ವಿರುದ್ಧ ಸ್ಥಿತಿ. ಇದನ್ನು ಬಿಡಿಸದೆ ಮುಂದೆ ಹೋದರೆ ಮಕ್ಕಳು ಉಳಿದದ್ದನ್ನೆಲ್ಲ ತಲೆಕೆಳಗಾಗಿ ಕೇಳಿಸಿಕೊಳ್ಳುತ್ತಾರೆ. ಹಲಗೆಯ ಮೇಲೆ ‘ಕಾಲು ಬಿಡುತ್ತದೆ, ಪ್ಲೇಟು ಹಿಡಿಯುತ್ತದೆ; ಕಾಲು ಒತ್ತುತ್ತದೆ, ಪ್ಲೇಟು ಬಿಡುತ್ತದೆ’ ಎಂದು ಬರೆದು ಎರಡೂ ಅವಧಿ ಅಳಿಸದೆ ಇಟ್ಟೆ. ಪಠ್ಯದ ಪಾರಿಭಾಷಿಕ ಪದಗಳ ಬಗ್ಗೆ ನಾವು ತೋರುವ ಎಚ್ಚರವನ್ನು ಇಂಥ ಮನೆಮಾತಿನ ಪದಗಳ ಬಗ್ಗೆಯೂ ತೋರಬೇಕು ಎಂಬುದು ನನ್ನ ಅಭಿಪ್ರಾಯ.

ಮಾದರಿಗೆ ಎರಡು ಸ್ಟೀಲ್ ಮುಚ್ಚಳ, ನಡುವೆ ಸೈಕಲ್ ಟ್ಯೂಬಿನಿಂದ ಕತ್ತರಿಸಿ ಅಂಟಿಸಿದ ರಬ್ಬರ್. ಒತ್ತಿ ಹಿಡಿದು ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗುತ್ತದೆ, ಸಡಿಲಿಸಿದರೆ ಇಲ್ಲ. ಕಾರಿನಲ್ಲಿ ಒತ್ತಿ ಹಿಡಿಯುವ ಕೆಲಸ ಸ್ಪ್ರಿಂಗಿನದು. ಎಂಜಿನ್ನಿನ ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟುಗಳ ನಡುವೆ ಕ್ಲಚ್ ಪ್ಲೇಟು ಸಿಕ್ಕಿಕೊಂಡಿರುತ್ತದೆ. ಪೆಡಲ್ ಮಾಡುವುದು ಆ ಸ್ಪ್ರಿಂಗಿನ ಹಿಡಿತದ ವಿರುದ್ಧದ ಕೆಲಸ ಮಾತ್ರ.

ನಂತರ ಪೆಡಲಿನಿಂದ ಪ್ಲೇಟಿನವರೆಗಿನ ಸರಪಳಿಯನ್ನು ಬರೆದೆವು: ಪೆಡಲ್, ಮಾಸ್ಟರ್ ಸಿಲಿಂಡರ್, ಪೈಪಿನ ದ್ರವ, ಸ್ಲೇವ್ ಸಿಲಿಂಡರ್, ಫೋರ್ಕ್, ಬೇರಿಂಗ್, ಪ್ರೆಶರ್ ಪ್ಲೇಟು, ಕ್ಲಚ್ ಪ್ಲೇಟು. ಎಂಟು ಕೊಂಡಿ. “ದೋಷ ಎಲ್ಲೋ ಇದೆ. ಮೊದಲು ಎಲ್ಲಿ ನೋಡುತ್ತೀರಿ?” ಎಂದು ಕೇಳಿದೆ. ಹೆಚ್ಚಿನವರು ಪೆಡಲಿನಿಂದ ಶುರು ಮಾಡೋಣ ಎಂದರು, ಕೆಲವರು ನೇರವಾಗಿ ಕ್ಲಚ್ ಬಿಚ್ಚೋಣ ಎಂದರು. ಒಬ್ಬ ಹುಡುಗಿ ಮಾತ್ರ, “ನಲ್ಲೀಲಿ ನೀರು ಬರದಿದ್ರೆ ಅಮ್ಮ ಮೊದ್ಲು ಪಕ್ಕದ ಮನೆಗೆ ಬರ್ತಿದ್ಯಾ ನೋಡ್ತಾರೆ ಮಿಸ್. ಇಲ್ಲೂ ಮಧ್ಯ ನೋಡಿದ್ರೆ ಆಗಲ್ವಾ?” ಎಂದಳು. ಪಾಠಯೋಜನೆಯಲ್ಲಿ ನಾನು ಬರೆದುಕೊಂಡಿದ್ದ ಉದಾಹರಣೆಗಿಂತ ಇದು ಚೆನ್ನಾಗಿತ್ತು.

ಮಧ್ಯ ಎಂದರೆ ಯಾವುದು? ಹಿಂದಿನ ಬೆಂಚಿನಿಂದ ಉತ್ತರ ಬಂತು: “ಫೋರ್ಕ್ ಆಡ್ತಿದ್ಯಾ ನೋಡ್ಬೇಕು. ಗಾಡಿ ಕೆಳಗಿಂದ ಕಾಣುತ್ತೆ.” ಈ ಹುಡುಗನ ತಂದೆಗೆ ಗ್ಯಾರೇಜಿದೆ. ಅವನ ನೋಟ್‌ಬುಕ್ಕಿನಲ್ಲಿ ಆ ತಿಂಗಳು ದಿನಾಂಕಗಳ ಹೊರತು ಏನೂ ಇರಲಿಲ್ಲ, ಹಾಜರಾತಿಯೂ ಅಷ್ಟಕ್ಕಷ್ಟೇ. ಒಂಬತ್ತಕ್ಕೆ ಬರುವುದೇ ಅನುಮಾನ ಎಂದು ಮಾರ್ಗದರ್ಶಿ ಶಿಕ್ಷಕಿ ನನಗೆ ಮೊದಲೇ ಹೇಳಿದ್ದರು. ಗ್ಯಾರೇಜಿನ ಅನುಭವವನ್ನು ಕೊಂಡಾಡಿ ಸುಮ್ಮನಾಗುವುದು ಸುಲಭ, ಆದರೆ ಅದು ಅವನಿಗೆ ಮಾಡುವ ಉಪಕಾರವಲ್ಲ. ಅವನಿಗೆ ಏನು ಮಾಡಬೇಕೆಂಬುದು ಗೊತ್ತಿತ್ತು, ಯಾಕೆ ಎಂಬುದು ಗೊತ್ತಿರಲಿಲ್ಲ. ಪೈಪಿನ ಗಾಳಿ ತೆಗೆಯಬೇಕು ಎಂದ. ಗಾಳಿ ಇದ್ದರೇನು ಎಂದು ಕೇಳಿದ್ದಕ್ಕೆ “ಅಪ್ಪ ತೆಗೀತಾರೆ” ಎಂದ.

ಅದಕ್ಕೆ ಸಿರಿಂಜುಗಳು. 5 ಮಿಲಿ ಮತ್ತು 10 ಮಿಲಿಯ ಎರಡು ಸಿರಿಂಜುಗಳನ್ನು ತೆಳು ಪೈಪಿನಿಂದ ಜೋಡಿಸಿ ನೀರು ತುಂಬಿದೆವು. ಚಿಕ್ಕದರಲ್ಲಿ 2 ಮಿಲಿ ಒತ್ತಿದರೆ ದೊಡ್ಡದರಲ್ಲೂ 2 ಮಿಲಿ ಏರಿತು. ಆದರೆ ದೊಡ್ಡದರ ದಂಡ ಸರಿದ ದೂರ ಕಡಿಮೆ, ತಳ್ಳುವ ಬಲ ಹೆಚ್ಚು. ಆಮೇಲೆ ಬೇಕೆಂದೇ ಗಾಳಿ ಸೇರಿಸಿದೆವು. ದೊಡ್ಡ ಸಿರಿಂಜಿನ ದಂಡವನ್ನು ಒಬ್ಬರು ಹೆಬ್ಬೆರಳಿನಿಂದ ಅದುಮಿ ಹಿಡಿದರೆ, ಚಿಕ್ಕದನ್ನು ಒತ್ತಿದಷ್ಟೂ ಗಾಳಿ ಕುಗ್ಗುತ್ತದೆ, ದಂಡ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಆ ಹುಡುಗ ಸಿರಿಂಜನ್ನು ನಾಲ್ಕೈದು ಸಲ ಒತ್ತಿ ನೋಡಿ, “ಪೆಡಲ್ ಮೆತ್ತಗಾಗೋದು ಇದಕ್ಕಾ?” ಎಂದ. ಹೌದು, ಇದಕ್ಕೇ.

ಎರಡನೇ ಅವಧಿ ಶೆಡ್ಡಿನಲ್ಲಿ. ಮಾಲೀಕರು ಮೆಕ್ಯಾನಿಕ್ ಒಬ್ಬರನ್ನು ಕರೆಸಿದ್ದರು. ಸಮತಟ್ಟು ನೆಲ, ಕೀ ತೆಗೆದು ನನ್ನ ಕೈಯಲ್ಲಿ, ಮಕ್ಕಳು ಬಣ್ಣದ ಗೆರೆಯಾಚೆ. ಕಾರು ಮುಟ್ಟಿದ್ದು ದೊಡ್ಡವರು ಮಾತ್ರ. ನ್ಯೂಟ್ರಲ್‌ನಲ್ಲಿ ತಳ್ಳಿದಾಗ ಕಾರು ಸಲೀಸಾಗಿ ಉರುಳಿತು. ಟಾಪ್ ಗೇರಿಗೆ ಹಾಕಿ ಪೆಡಲ್ ಪೂರ್ತಿ ಒತ್ತಿಸಿ ಮತ್ತೆ ತಳ್ಳಿದರು. ಬಾನೆಟ್ ತೆರೆದಿತ್ತು. ಕಾರು ಕಷ್ಟಪಟ್ಟು ಒಂದಿಷ್ಟು ಸರಿಯಿತು, ಜೊತೆಗೆ ಎಂಜಿನ್ನಿನ ಮುಂದಿನ ಫ್ಯಾನೂ ತಿರುಗಿತು. ಕ್ಲಚ್ ಬಿಟ್ಟಿದ್ದರೆ ಚಕ್ರ ಉರುಳಿದರೂ ಫ್ಯಾನು ನಿಂತಿರಬೇಕಿತ್ತು. ಎಂಜಿನ್ ಸ್ಟಾರ್ಟ್ ಮಾಡದೆಯೇ ದೋಷ ಕಣ್ಣಿಗೆ ಕಂಡಿತು. ಇಡೀ ಪಾಠದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪ್ರಯೋಗ ಇದೇ.

ಇನ್ನು ಮಧ್ಯದ ಕೊಂಡಿ. ಡಬ್ಬಿಯಲ್ಲಿ ದ್ರವ ಸರಿಯಾಗಿತ್ತು. ಮೆಕ್ಯಾನಿಕ್ ಸ್ಲೇವ್ ಸಿಲಿಂಡರಿನ ದಂಡದ ಪಕ್ಕ ಸ್ಕೇಲ್ ಹಿಡಿದು ಅಳತೆಯನ್ನು ಕೂಗಿದರು: ಸುಮಾರು 12 ಮಿಮೀ ಚಲನೆ. ಇಷ್ಟು ಸಾಕು ಎಂದರು. ಹಾಗಾಗಿ ಹಲಗೆಯ ಸರಪಳಿಯಲ್ಲಿ ಮೊದಲ ನಾಲ್ಕು ಕೊಂಡಿಗಳನ್ನು ಹೊಡೆದು ಹಾಕಬಹುದಾಯಿತು.

“ತುಕ್ಕು!” ಎಂದು ಅರ್ಧ ತರಗತಿ ಕೂಗಿತು. ನೋಡಿದ್ದು ಮತ್ತು ಊಹಿಸಿದ್ದು ಬೇರೆ ಎಂದು ತೋರಿಸಲು ಇದೇ ಸಮಯ. ತುಕ್ಕನ್ನು ಯಾರೂ ನೋಡಿಲ್ಲ. ಪ್ಲೇಟು ಫ್ಲೈವೀಲ್‌ಗೆ ಅಂಟಿರಬಹುದು; ಗೇರ್‌ಬಾಕ್ಸ್ ಶಾಫ್ಟಿನ ಹಲ್ಲುಗಳ ಮೇಲೆ ಸರಿಯದೆ ಕೂತಿರಬಹುದು; ಸೊಟ್ಟಗಾಗಿರಬಹುದು; ಪ್ರೆಶರ್ ಪ್ಲೇಟಿನದೇ ಏನೋ ಮುರಿದಿರಬಹುದು. ನಿಲ್ಲಿಸುವ ಮೊದಲು ಸರಿಯಾಗಿ ಓಡುತ್ತಿತ್ತು, ಆಮೇಲೆ ತೇವದಲ್ಲಿ ನಿಂತಿತು ಎಂಬ ಚರಿತ್ರೆ ಅಂಟಿದೆ ಎಂಬುದರ ಕಡೆ ವಾಲುತ್ತದೆ, ಸಾಬೀತು ಮಾಡುವುದಿಲ್ಲ. ಆದರೆ ಖರ್ಚಿನ ಲೆಕ್ಕದಲ್ಲಿ ಅದನ್ನೇ ಮೊದಲು ಪರೀಕ್ಷಿಸಬೇಕು, ಯಾಕೆಂದರೆ ಉಳಿದದ್ದಕ್ಕೆಲ್ಲ ಗೇರ್‌ಬಾಕ್ಸ್ ಇಳಿಸಬೇಕು.

ಮೆಕ್ಯಾನಿಕ್ ಸೀಟಿಗೂ ಪೆಡಲಿಗೂ ನಡುವೆ ಮರದ ತುಂಡು ಕೊಟ್ಟು ಪೆಡಲ್ ಒತ್ತಿದ ಹಾಗೇ ಮೂರು ದಿನ ಬಿಟ್ಟರು. ಬಿಡಲಿಲ್ಲ. ನಾಲ್ಕನೇ ದಿನ ಶಾಲೆ ಬಿಟ್ಟ ಮೇಲೆ, ಪೆಡಲ್ ಒತ್ತಿಯೇ ಇಟ್ಟು ಟಾಪ್ ಗೇರಿನಲ್ಲಿ ನಾಲ್ಕು ಜನ ಕಾರನ್ನು ಹಿಂದೆ ಮುಂದೆ ಜಗ್ಗಿದರು. ನಾನು ಅಲ್ಲಿರಲಿಲ್ಲ. ಗ್ಯಾರೇಜಿನ ಹುಡುಗ ಇದ್ದ. ಮರುದಿನ ಅವನ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಇದ್ದವು: “ಟಪ್ ಅಂತ ಸದ್ದಾಯಿತು. ಕಾರು ಹೋಯಿತು. ಫ್ಯಾನ್ ನಿಂತಿತ್ತು. ತುಕ್ಕು ನೋಡಿಲ್ಲ.” ಮಾರ್ಗದರ್ಶಿ ಶಿಕ್ಷಕಿಗೆ ಅದನ್ನು ತೋರಿಸಿದೆ. ಅವರು ಅವನ ತಂದೆಯನ್ನು ಶಾಲೆಗೆ ಬರಹೇಳಿದ್ದಾರೆ.

ಈ ಪಾಠ ಮಾಡುವವರಿಗೆ ಎರಡು ಮಾತು. ಹಳೆಯ ಕ್ಲಚ್ ಪ್ಲೇಟಿನ ಪಟ್ಟಿಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ; ಬಿಚ್ಚಿದ ಪ್ಲೇಟನ್ನು ತರಗತಿಗೆ ತರಬೇಡಿ, ಗಾಳಿ ಊದಿ ಸ್ವಚ್ಛ ಮಾಡುವ ಕಡೆ ಮಕ್ಕಳನ್ನು ನಿಲ್ಲಿಸಬೇಡಿ. ಪೈಪಿನಲ್ಲಿರುವುದು ಬ್ರೇಕ್ ದ್ರವ, ಕಣ್ಣಿಗೆ ಚರ್ಮಕ್ಕೆ ಒಳ್ಳೆಯದಲ್ಲ. ಸಿರಿಂಜಿಗೆ ನೀರೇ ಸಾಕು.