ಕೈತೋಟಕ್ಕೆ ಬೇಕಾದ ಸಾಮಾನು ಮನೆಯಲ್ಲೇ ಇದೆ



ಕೈತೋಟ ಅಂದ ಕೂಡಲೇ ಸಂಘದಿಂದ ಸಾಲ ಎತ್ತಬೇಕಿಲ್ಲ. ಮನೆ ಸುತ್ತ ಏನೇನು ಸಿಗುತ್ತದೆ ಅಂತ ಮೊದಲು ನೋಡೋಣ.

ಮಣ್ಣು: ನಮ್ಮ ತಿಕೋಟಾ ಭಾಗದ ಎರೆಮಣ್ಣು ನೀರು ಹಿಡಿಯುತ್ತದೆ, ಒಣಗಿದರೆ ಬಿರಿಯುತ್ತದೆ. ಎರಡು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಉಸುಕು, ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸೋಣ. ಹಸಿ ಸಗಣಿ ಹಾಕಬಾರದು, ಬೇರು ಸುಡುತ್ತದೆ.

ಕುಂಡ: ಒಡೆದ ಕೊಡ, ಹಳೇ ಬುಟ್ಟಿ ಸಾಕು. ತಳಕ್ಕೆ ತೂತು ಇರಲಿ. ಆದರೆ ದ್ರಾಕ್ಷಿ ತೋಟಕ್ಕೆ ಔಷಧ ಹೊಡೆದು ಬಿಟ್ಟ ಡಬ್ಬಿ, ಕ್ಯಾನು ಬೇಡವೇ ಬೇಡ. ತೊಳೆದರೂ ವಿಷ ಉಳಿಯುತ್ತದೆ. ಅದು ಮಕ್ಕಳ ತಾಟಿಗೆ ಬರುವುದು ಬೇಡ.

ಜೀವಾಮೃತ: 20 ಲೀಟರ್ ನೀರಿಗೆ 1 ಕಿಲೋ ಸಗಣಿ, 1 ಲೀಟರ್ ಗೋಮೂತ್ರ, ಬೆಲ್ಲ ಮತ್ತು ಕಡಲೆಹಿಟ್ಟು ತಲಾ 200 ಗ್ರಾಂ, ಒಂದು ಹಿಡಿ ಬದುವಿನ ಮಣ್ಣು. ನೆರಳಲ್ಲಿಟ್ಟು ದಿನಾ ಎರಡು ಸಲ ತಿರುವಿ, ಎರಡು-ಮೂರು ದಿನ ಬಿಟ್ಟು ಗಿಡದ ಬುಡಕ್ಕೆ ಹಾಕೋಣ.

ಮುಚ್ಚಿಗೆ: ಒಣ ಎಲೆ, ತೊಗರಿ ಹೊಟ್ಟು ಬುಡಕ್ಕೆ ಹರಡಿದರೆ ಬಿಸಿಲಿಗೆ ನೀರು ಆರುವುದಿಲ್ಲ.

ಬೀಜ: ಅಡುಗೆಮನೆಯ ಮೆಂತ್ಯೆಕಾಳೇ ಮೊಳೆಯುತ್ತದೆ, ತಿಂಗಳೊಳಗೆ ಪಲ್ಲೆ ಕೈಗೆ ಬರುತ್ತದೆ. ರಾಜಗಿರಿ, ಪುಂಡಿಪಲ್ಲೆ ಬೀಜ ಇದ್ದವರು ಮುಂದಿನ ಸಭೆಗೆ ಒಂದೊಂದು ಹಿಡಿ ತನ್ನಿ. ಎಲ್ಲರೂ ಹಂಚಿಕೊಳ್ಳೋಣ.