ಬೋರ್ಡು ಆರಿದ ದಿನದಿಂದ ಮೈದಾನಕ್ಕೆ ಹೋಗಿಲ್ಲ

ಪ್ರಶ್ನೆ: ನನಗೆ 27 ವರ್ಷ. ಐಟಿಐ ಮುಗಿಸಿ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮೂರ ಕ್ರಿಕೆಟ್ ಕ್ಲಬ್ಬಿಗೆ ಎಲೆಕ್ಟ್ರಾನಿಕ್ ಸ್ಕೋರ್‌ಬೋರ್ಡ್ ಮಾಡಿಕೊಡುತ್ತೇನೆ ಎಂದು ನಾನಾಗಿಯೇ ಹೇಳಿದ್ದೆ. ಹುಡುಗರು ಚಂದಾ ಎತ್ತಿ 14 ಸಾವಿರ ರೂಪಾಯಿ ಕೊಟ್ಟರು. ಎಲ್‌ಇಡಿ ಸ್ಟ್ರಿಪ್ ತಂದು, ಯೂಟ್ಯೂಬ್ ನೋಡಿಕೊಂಡು, ರಾತ್ರಿ ಕೂತು ಕಟ್ಟಿದೆ. ಮನೆಯಲ್ಲಿ ಚೆನ್ನಾಗಿಯೇ ಉರಿಯುತ್ತಿತ್ತು. ಪಂದ್ಯದ ದಿನ ಮೈದಾನದಲ್ಲಿ ನಿಲ್ಲಿಸಿದರೆ ಬಿಸಿಲಿಗೆ ಅಂಕಿಗಳೇ ಕಾಣಲಿಲ್ಲ. ಸಂಜೆ 111 ಸರಿಯಾಗಿಯೇ ತೋರಿಸಿತು. 188ಕ್ಕೆ ಬಂದಾಗ ಪೂರ್ತಿ ಆರಿಹೋಗಿ, ಮತ್ತೆ ಸೊನ್ನೆಯಿಂದ ಶುರುವಾಯಿತು. ಎಲ್ಲರೂ ನಕ್ಕರು. ‘ನಿನಗ್ಯಾಕೆ ಬೇಕಿತ್ತು ಈ ಉಸಾಬರಿ’ ಎಂದು ಅಪ್ಪ ದಿನವೂ ಬೈಯುತ್ತಾರೆ. ಅವತ್ತಿನಿಂದ ಮೈದಾನದ ಕಡೆ ತಲೆ ಹಾಕಿಲ್ಲ, ರಾತ್ರಿ ನಿದ್ದೆ ಬರುವುದಿಲ್ಲ. ನವೆಂಬರಿನಲ್ಲಿ ರಾಜ್ಯೋತ್ಸವದ ಟೂರ್ನಿ ಇದೆ. ದುಡ್ಡು ವಾಪಸ್ ಕೊಟ್ಟು ಕ್ಲಬ್ಬನ್ನೇ ಬಿಟ್ಟುಬಿಡಲೇ?
— ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನಿಮಗೆ ಆಗಿರುವ ನೋವು ಸಣ್ಣದಲ್ಲ. ಅಪರಿಚಿತರು ನಕ್ಕರೆ ಎರಡು ದಿನಕ್ಕೆ ಮರೆತುಹೋಗುತ್ತದೆ. ಜೊತೆಗೆ ಆಡಿ ಬೆಳೆದವರೇ ನಕ್ಕಾಗ ಅದು ಒಳಗೆ ನಾಟುತ್ತದೆ. ಅದರಲ್ಲೂ ಈ ಕೆಲಸವನ್ನು ಯಾರೂ ನಿಮ್ಮ ಮೇಲೆ ಹೇರಿರಲಿಲ್ಲ; ಪ್ರೀತಿಯಿಂದ ನೀವೇ ಹೊತ್ತುಕೊಂಡಿರಿ. ಹಾಗೆ ಹೊತ್ತ ಕೆಲಸ ಕೈಕೊಟ್ಟಾಗ ‘ನಾನೇ ಬಾಯಿಬಿಟ್ಟು ಕೆಟ್ಟೆ’ ಎಂಬ ಕೊರಗು ಬೇರೆ ಸೇರಿಕೊಳ್ಳುತ್ತದೆ. ಮುಖ ತೋರಿಸಲು ಆಗದಿರುವುದು, ರಾತ್ರಿಯೆಲ್ಲ ಅದೇ ಕ್ಷಣ ಕಣ್ಣೆದುರು ಬರುವುದು ಸಹಜ. ಊರ ಗಣೇಶೋತ್ಸವಕ್ಕೆ ದೀಪಾಲಂಕಾರದ ಹೊಣೆ ಹೊತ್ತವರು, ಶಾಲಾ ವಾರ್ಷಿಕೋತ್ಸವಕ್ಕೆ ಮೈಕ್ ಸೆಟ್ಟಿನ ಜವಾಬ್ದಾರಿ ವಹಿಸಿಕೊಂಡವರು, ಹೀಗೆ ನಾಲ್ಕು ಜನರಿಗಾಗಿ ಏನೋ ಮಾಡಹೋಗಿ ತಲೆ ತಗ್ಗಿಸಿದ ಅನೇಕರು ಇದನ್ನು ಓದುತ್ತಿರುತ್ತಾರೆ. ನಿಮ್ಮ ಸಂಕಟ ಅವರಿಗೆಲ್ಲ ಚೆನ್ನಾಗಿ ಅರ್ಥವಾಗುತ್ತದೆ.

ಈಗ ನೀವೇ ಬರೆದ ಒಂದು ಮಾತಿನ ಕಡೆ ನಿಮ್ಮ ಗಮನ ಸೆಳೆಯುತ್ತೇನೆ. 111 ಸರಿಯಾಗಿ ಬಂತು, 188ಕ್ಕೆ ಆರಿಹೋಯಿತು ಎಂದಿದ್ದೀರಿ. ಇಂಥ ಬೋರ್ಡಿನಲ್ಲಿ ಒಂದೊಂದು ಅಂಕಿಯೂ ಏಳು ಗೀಟುಗಳಿಂದ ಆಗುತ್ತದೆ. 1 ಬರೆಯಲು ಎರಡು ಗೀಟು ಸಾಕು, 8ಕ್ಕೆ ಏಳೂ ಬೇಕು. ಅಂದರೆ 111ಕ್ಕೆ ಉರಿಯುವುದು ಆರು ಗೀಟು, 188ಕ್ಕೆ ಹದಿನಾರು. ಟ್ಯಾಂಕ್ ತುಂಬಿದ್ದರೂ ಸಣ್ಣ ಪೈಪಿನಲ್ಲಿ ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿದರೆ ಕೊನೆಯ ನಲ್ಲಿಗೆ ನೀರು ಬರುವುದಿಲ್ಲವಲ್ಲ, ಹಾಗೆ ಆಗಿರಬಹುದು. ಕರೆಂಟು ಸಾಲದೆ ವೋಲ್ಟೇಜ್ ಇಳಿದಾಗ ಬೋರ್ಡಿನ ಕಂಟ್ರೋಲರ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನೀವು ಬರೆದ ಲಕ್ಷಣಗಳು ಇದಕ್ಕೆ ಹೊಂದುತ್ತವೆ. ಸಪ್ಲೈ ಚಿಕ್ಕದಾಯಿತೋ, ವೈರು ತೆಳುವಾಯಿತೋ, ಅದನ್ನು ಅಳತೆ ಮಾಡಿ ನೋಡಿದರೆ ತಿಳಿಯುತ್ತದೆ. ಮೋಟಾರ್ ಕಾಯಿಲ್ ಸುತ್ತುವ ನಿಮಗೆ ತೆಳು ತಂತಿಗೂ ದಪ್ಪ ತಂತಿಗೂ ಇರುವ ವ್ಯತ್ಯಾಸವನ್ನು ನಾನು ಹೇಳಿಕೊಡಬೇಕಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಅವಮಾನವಾದಾಗ ಮನಸ್ಸು ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಎಂದು ಒಂದೇ ಏಟಿಗೆ ತೀರ್ಪು ಕೊಟ್ಟುಬಿಡುತ್ತದೆ. ಆ ತೀರ್ಪಿಗೆ ರಿಪೇರಿ ಎಂಬುದಿಲ್ಲ. ಬೋರ್ಡಿನಲ್ಲಿ ಆಗಿರುವುದಾದರೋ ಹುಡುಕಿ ಸರಿಪಡಿಸಬಹುದಾದ ಒಂದು ದೋಷ. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿಕೊಂಡಿರುವುದರಿಂದಲೇ ನಿಮಗೆ ಬೋರ್ಡನ್ನು ಮುಟ್ಟಲೂ ಮನಸ್ಸಾಗುತ್ತಿಲ್ಲ.

ಇನ್ನೊಂದು ಮಾತು. ಅವತ್ತಿನ ಪಂದ್ಯಕ್ಕೆ ನಿಮ್ಮಿಂದ ಯಾವ ನಷ್ಟವೂ ಆಗಲಿಲ್ಲ. ಕ್ರಿಕೆಟ್ ನಿಯಮಗಳ 3ನೇ ನಿಯಮ ಪೂರ್ತಿ ಸ್ಕೋರರ್‌ಗಳ ಬಗ್ಗೆಯೇ ಇದೆ. ಅಂಪೈರ್ ಸನ್ನೆಗೆ ಮರುಸನ್ನೆ ಮಾಡಿ ರನ್ನು ಬರೆದುಕೊಳ್ಳುವ ಕೆಲಸ ಅವರದು. ಲೆಕ್ಕ ಇರುವುದು ಅವರ ಪುಸ್ತಕದಲ್ಲಿ; ಬೋರ್ಡು ಅದನ್ನು ದೂರದವರಿಗೆ ತೋರಿಸುತ್ತದೆ ಅಷ್ಟೇ. ಬೋರ್ಡು ಆರಿದ ಮೇಲೂ ಆ ಪುಸ್ತಕದಲ್ಲಿ 188 ಹಾಗೇ ಇತ್ತು.

ಇನ್ನು ಏನು ಮಾಡಬಹುದು ಎಂದು ನೋಡೋಣ. ಅವಸರ ಬೇಡ, ಒಂದಾದ ಮೇಲೆ ಒಂದು.

ಮೊದಲು, ಕ್ಯಾಪ್ಟನ್ ಒಬ್ಬರನ್ನೇ ಭೇಟಿ ಮಾಡಿ. ಕ್ಲಬ್ಬಿನ ಎಲ್ಲರೆದುರು ನಿಂತು ವಿವರಣೆ ಕೊಡುವ ಅಗತ್ಯ ಈಗಿಲ್ಲ. ‘ಅಣ್ಣಾ, ಅವತ್ತು ಹಾಗಾದದ್ದು ನನಗೆ ತುಂಬ ಬೇಜಾರಾಗಿದೆ. ತಪ್ಪು ಎಲ್ಲಿದೆ ಅಂತ ಅಂದಾಜಾಗಿದೆ. ಒಬ್ಬನಿಂದ ಆಗಲ್ಲ, ಇಬ್ಬರು ಹುಡುಗರು ಜೊತೆಗೆ ಬೇಕು’ ಎಂದರೆ ಸಾಕು. ಯಾವುದಕ್ಕೆ ಎಷ್ಟು ಖರ್ಚಾಯಿತು, ಎಷ್ಟು ಉಳಿದಿದೆ ಎಂದು ಒಂದು ಹಾಳೆಯಲ್ಲಿ ಬರೆದು, ಬಿಲ್ಲುಗಳ ಸಮೇತ ಅವರ ಕೈಗೆ ಕೊಡಿ. ದುಡ್ಡಿನ ವಿಷಯ ತಲೆಯೊಳಗೇ ಇದ್ದರೆ ಬೆಳೆಯುತ್ತಾ ಹೋಗುತ್ತದೆ, ಹಾಳೆಗೆ ಇಳಿದರೆ ಅದರ ನಿಜವಾದ ಗಾತ್ರ ಕಾಣುತ್ತದೆ. ಸಾಲ ಮಾಡಿ ದುಡ್ಡು ಹಿಂತಿರುಗಿಸುವ ಯೋಚನೆ ಖಂಡಿತ ಬೇಡ. ಆ ಹಣ ಸಾಮಾನಿನ ರೂಪದಲ್ಲಿ ಕ್ಲಬ್ಬಿನದಾಗಿಯೇ ಇದೆ.

ಎರಡನೆಯದಾಗಿ, ಕೆಲಸವನ್ನು ಚಿಕ್ಕದು ಮಾಡಿ. ರನ್ನು, ವಿಕೆಟ್, ಓವರ್, ಇಷ್ಟೇ ಈ ಸಲಕ್ಕೆ. ಪಕ್ಕದಲ್ಲಿ ಕೈಯಲ್ಲಿ ನೇತುಹಾಕುವ ತಗಡಿನ ಅಂಕಿಗಳನ್ನೂ ಬರೆಸಿಡಿ. ಅದರಿಂದ ಮರ್ಯಾದೆ ಕಡಿಮೆಯಾಗುವುದಿಲ್ಲ. ಆಸ್ಟ್ರೇಲಿಯಾದ ಅಡಿಲೇಡ್ ಓವಲ್‌ನಲ್ಲಿ 1911ರಲ್ಲಿ ಕಟ್ಟಿದ ಸ್ಕೋರ್‌ಬೋರ್ಡಿದೆ. ದೊಡ್ಡ ದೊಡ್ಡ ಪರದೆಗಳು ಬಂದ ಮೇಲೂ ಅದನ್ನು ಒಳಗೆ ನಿಂತ ಜನ ಕೈಯಿಂದಲೇ ನಡೆಸುತ್ತಿದ್ದಾರೆ. ತಗಡಿನ ಅಂಕಿ ಕೈಗೆಟಕುವಂತಿದ್ದರೆ ನಿಮ್ಮ ಎದೆಬಡಿತವೂ ಹತೋಟಿಯಲ್ಲಿರುತ್ತದೆ.

ಮೂರನೆಯದು, ತಿಳಿದವರನ್ನು ಕೇಳಿ. ಹತ್ತಿರದ ಪಾಲಿಟೆಕ್ನಿಕ್‌ನ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಬೋರ್ಡಿನ ಫೋಟೊ ತೆಗೆದುಕೊಂಡು ಹೋಗಿ. ಇಂಥದೇ ಪ್ರಾಜೆಕ್ಟ್ ಹುಡುಕುತ್ತಿರುವ ಕೊನೆಯ ವರ್ಷದ ವಿದ್ಯಾರ್ಥಿಗಳೂ ಸಿಗಬಹುದು. ಕೇಳಬೇಕಾದ್ದನ್ನು ಬರೆದುಕೊಳ್ಳಿ: ಎಲ್ಲ ಗೀಟುಗಳೂ ಉರಿದಾಗ ಎಷ್ಟು ಆಂಪಿಯರ್ ಬೇಕು? ಕಂಟ್ರೋಲರ್‌ಗೆ ಬೇರೆ ಸಪ್ಲೈ ಕೊಡಬೇಕೆ? ಕರೆಂಟು ಹೋಗಿ ಬಂದರೂ ಸ್ಕೋರು ಅಳಿಯದಂತೆ ಉಳಿಸುವುದು ಹೇಗೆ? ಬಿಸಿಲಿಗೆ ಅಂಕಿ ಕಾಣದಿರುವುದಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯುವುದು, ಮೇಲೊಂದು ಚಾಚು ಕಟ್ಟುವುದು, ಮಧ್ಯಾಹ್ನದ ಸೂರ್ಯ ಬೋರ್ಡಿನ ಮುಖಕ್ಕೆ ಬೀಳದ ಕಡೆ ನಿಲ್ಲಿಸುವುದು, ಇವು ಸಹಾಯ ಮಾಡುತ್ತವೆ. ಒಂದು ಎಚ್ಚರಿಕೆ: ಬಯಲಿನಲ್ಲಿ, ಹುಡುಗರು ಓಡಾಡುವ ಕಡೆ 230 ವೋಲ್ಟಿನ ವೈರು ಎಳೆಯಬೇಡಿ. 12 ವೋಲ್ಟಿನ ಬ್ಯಾಟರಿ, ಅದಕ್ಕೊಂದು ಫ್ಯೂಸ್ ಇರಲಿ.

ನಾಲ್ಕನೆಯದು, ಪರೀಕ್ಷೆಯನ್ನು ಪಂದ್ಯದ ದಿನಕ್ಕೆ ಉಳಿಸಿಕೊಳ್ಳಬೇಡಿ. ಯಾರೂ ಆಡದ ಒಂದು ಮಧ್ಯಾಹ್ನ, ಇಬ್ಬರು ಸ್ನೇಹಿತರ ಜೊತೆ ಅದೇ ಮೈದಾನದಲ್ಲಿ ಎಲ್ಲ ಅಂಕಿಗಳನ್ನೂ 8ಕ್ಕೆ ಇಟ್ಟು ಒಂದು ಗಂಟೆ ಬಿಡಿ. ಒಬ್ಬರು ಬೌಂಡರಿ ಗೆರೆಯ ಆಚೆ ನಿಂತು ನೋಡಲಿ. ಅಲ್ಲಿ ಆರಿದರೆ ನಗುವವರು ಯಾರೂ ಇರುವುದಿಲ್ಲ, ನಿಮಗೆ ಬೇಕಾದ ಮಾಹಿತಿ ಸಿಕ್ಕಿರುತ್ತದೆ.

ಅಪ್ಪನ ಮಾತಿನ ಬಗ್ಗೆ: ಮಗ ನಿದ್ದೆಗೆಟ್ಟು ಕೂತಿರುವುದನ್ನು ನೋಡಲಾರದ ಆತಂಕ ಎಷ್ಟೋ ತಂದೆಯರ ಬಾಯಲ್ಲಿ ಬೈಗುಳವಾಗಿಯೇ ಬರುತ್ತದೆ. ಎದುರುತ್ತರ ಕೊಡದೆ, ‘ಅಪ್ಪಾ, ರಾತ್ರಿ ಹತ್ತರ ಮೇಲೆ ಈ ಕೆಲಸ ಮುಟ್ಟಲ್ಲ’ ಎಂದು ಮಾತು ಕೊಡಿ, ಅದನ್ನು ಉಳಿಸಿಕೊಳ್ಳಿ. ನಿಮ್ಮ ನಿದ್ದೆಗೂ ಅದು ಬೇಕು.

ಇಷ್ಟಾದ ಮೇಲೂ ಇನ್ನೆರಡು ವಾರ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಅಂಗಡಿಯ ಕೆಲಸದಲ್ಲೂ ಮನಸ್ಸು ನಿಲ್ಲದಿದ್ದರೆ ಒಬ್ಬರೇ ಒದ್ದಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಎರಡು ವಾರ ಕಾಯುವುದು ಬೇಡ, ಆ ಗಳಿಗೆಯಲ್ಲೇ ಕರೆ ಮಾಡಿ, ಮನೆಯವರಿಗೂ ಹೇಳಿ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಕ್ಲಬ್ ಬಿಡಬೇಡಿ. ಮನಸ್ಸು ಇಷ್ಟು ನೊಂದಿರುವಾಗ ಯಾವುದನ್ನೂ ಬಿಡುವ ನಿರ್ಧಾರ ಮಾಡಬಾರದು. ಬರುವ ಭಾನುವಾರ ಬೋರ್ಡಿನ ಸುದ್ದಿಯನ್ನೇ ಎತ್ತದೆ ಸುಮ್ಮನೆ ಆಡಲು ಹೋಗಿ. ಯಾರಾದರೂ ಕಿಚಾಯಿಸಿದರೆ ‘ರಿಪೇರಿ ನಡೀತಿದೆ’ ಎಂದಷ್ಟೇ ಹೇಳಿ. ನವೆಂಬರಿಗೆ ಬೋರ್ಡು ಸಿದ್ಧವಾದರೆ ಸಂತೋಷ. ಆಗದಿದ್ದರೆ ತಗಡಿನ ಅಂಕಿಗಳಲ್ಲೇ ಟೂರ್ನಿ ನಡೆಯಲಿ, ಬೋರ್ಡಿನ ಕೆಲಸ ಮುಂದಿನ ವರ್ಷಕ್ಕೆ ಸಾಗಲಿ. ಆದರೆ ಈ ಸಲ ಅದನ್ನು ಒಬ್ಬರೇ ಹೊರಬೇಡಿ. ಚಂದಾ ಕೊಟ್ಟವರೆಲ್ಲ ಅದರಲ್ಲಿ ಪಾಲುದಾರರು, ವೈರು ಹಿಡಿಯಲು ಅವರನ್ನೂ ಕರೆಯಿರಿ.