ಕಾಣದ ಹುಳುವಿನ ಲೆಕ್ಕ

ಮಕ್ಕಳೇ, ಯಾದಗಿರಿ ಹತ್ತಿರದ ಅಬ್ಬೆತುಮಕೂರಿನಲ್ಲಿ ಎಷ್ಟು ಕುರಿಗಳಿವೆ ಎಂದು ಕೇಳಿದರೆ ನೀವು ಏನು ಮಾಡುವಿರಿ? ಹಟ್ಟಿಯಿಂದ ಹಟ್ಟಿಗೆ ಹೋಗಿ ಎಣಿಸುವಿರಿ. ಆದರೆ ಊರಿನಲ್ಲಿ ಎಷ್ಟು ಜನರ ದೇಹದಲ್ಲಿ ಲಾಡಿಹುಳುವಿದೆ ಎಂದು ಕೇಳಿದರೆ?

ಲಾಡಿಹುಳು ಒಂದು ಪರಾವಲಂಬಿ. ಪಾಯಿಜಾಮದ ಲಾಡಿಯಂತೆ ಚಪ್ಪಟೆಯಾಗಿ, ಹಲವು ಮೀಟರ್ ಉದ್ದ ಬೆಳೆಯುತ್ತದೆ. ಸರಿಯಾಗಿ ಬೇಯಿಸದ ಹಂದಿಮಾಂಸದ ಮೂಲಕ ಹಂದಿ ಲಾಡಿಹುಳು ನಮ್ಮ ಕರುಳನ್ನು ಸೇರುತ್ತದೆ. ಅದರ ಮೊಟ್ಟೆಗಳು ಮಲದೊಂದಿಗೆ ಹೊರಬರುತ್ತವೆ. ಬಯಲಿನ ಮಲವನ್ನು ತಿಂದ ಹಂದಿಯ ಮಾಂಸದಲ್ಲಿ ಮರಿಹುಳುಗಳು ಗುಳ್ಳೆಗಳಾಗಿ ಉಳಿಯುತ್ತವೆ.

ಇದೇ ಮೊಟ್ಟೆಗಳು ತೊಳೆಯದ ಕೈ, ಹಸಿ ತರಕಾರಿ, ಕೊಳಕು ನೀರಿನ ಮೂಲಕ ಮನುಷ್ಯರ ಬಾಯಿಗೂ ಹೋಗಬಹುದು. ಆಗ ಮರಿಹುಳು ರಕ್ತದ ಜೊತೆ ಮಿದುಳಿಗೆ ಹೋಗಿ ಗುಳ್ಳೆ ಕಟ್ಟಿದರೆ ಮೂರ್ಛೆ ಬರಬಹುದು. ಮಾಂಸವನ್ನೇ ತಿನ್ನದವರಿಗೂ ಹೀಗಾಗಬಹುದು!

ಹಾಗಾದರೆ ಎಣಿಸುವುದು ಹೇಗೆ? ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಮೊಟ್ಟೆ ಹುಡುಕಬಹುದು. ಆದರೆ ಮೊಟ್ಟೆಗಳು ದಿನವೂ ಕಾಣಿಸುವುದಿಲ್ಲ. ಮಿದುಳಿನ ಗುಳ್ಳೆಯನ್ನು ಸ್ಕ್ಯಾನ್ ತೋರಿಸುತ್ತದೆ. ಆದರೆ ಊರಿಗೆ ಊರನ್ನೇ ಸ್ಕ್ಯಾನ್ ಮಾಡಲಾದೀತೇ? ಆದ್ದರಿಂದ ಮೊದಲು ಮನೆಮನೆಗೆ ಹೋಗಿ ಮೂರ್ಛೆ ಬರುವವರನ್ನು ಗುರುತಿಸುತ್ತಾರೆ. ನಂತರ ಕಾರಣ ಹುಡುಕುತ್ತಾರೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗಗಳಲ್ಲಿ ಇಂಥ ಸಮೀಕ್ಷೆ ನಡೆಸಿದರು. ಅದು 2004ರಲ್ಲಿ ಪ್ರಕಟವಾಯಿತು. ಸಮೀಕ್ಷೆಗೆ ಒಳಪಟ್ಟವರು 1,02,557 ಜನ. ಮೂರ್ಛೆರೋಗ ನಗರದಲ್ಲಿ 1000 ಜನರಿಗೆ 5.7ರಷ್ಟು ಇದ್ದರೆ, ಹಳ್ಳಿಗಳಲ್ಲಿ 11.9ರಷ್ಟಿತ್ತು. ಅಂದರೆ ಎರಡು ಪಟ್ಟು! ಎಲ್ಲ ಮೂರ್ಛೆಗೂ ಹುಳುವೇ ಕಾರಣವಲ್ಲ. ತಲೆಗೆ ಬಿದ್ದ ಪೆಟ್ಟಿನಂಥ ಬೇರೆ ಕಾರಣಗಳೂ ಇವೆ. ಆದರೆ ಈ ಹುಳು ಹೆಚ್ಚಾಗಿರುವ ಪ್ರದೇಶಗಳಲ್ಲಿ 100 ಮೂರ್ಛೆರೋಗಿಗಳಲ್ಲಿ ಸುಮಾರು 30 ಜನರಿಗೆ ಇದೇ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈಗ ಒಂದು ಲೆಕ್ಕ ಮಾಡಿ. 2000 ಜನರಿರುವ ಒಂದು ಹಳ್ಳಿಯಲ್ಲಿ 24 ಜನರಿಗೆ ಮೂರ್ಛೆರೋಗವಿದೆ ಎಂದುಕೊಳ್ಳಿ. ಸಾವಿರಕ್ಕೆ ಎಷ್ಟಾಯಿತು? 12. ಅವರಲ್ಲಿ 8 ಜನರ ಮನೆಯವರು ನಾಚಿಕೆಯಿಂದ ವಿಷಯ ಮುಚ್ಚಿಟ್ಟರು. ಈಗ ಸಾವಿರಕ್ಕೆ ಎಷ್ಟು? 8. ರೋಗ ಕಡಿಮೆಯಾಯಿತೇ? ಇಲ್ಲ. ಲೆಕ್ಕ ಮಾತ್ರ ತಪ್ಪಿತು. ಆ 8 ಜನರಿಗೆ ಔಷಧವೂ ತಪ್ಪಿತು.

ಮೂರ್ಛೆ ಶಾಪವಲ್ಲ, ದೆವ್ವದ ಕಾಟವಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ಗೆಳೆಯನಿಗೆ ಮೂರ್ಛೆ ಬಂದರೆ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ದೊಡ್ಡವರನ್ನು ಕರೆಯಿರಿ. ಆಸ್ಪತ್ರೆಗೆ ತೋರಿಸಲು ಹೇಳಿ.

ನೆನಪಿಡಿ: ಶೌಚಾಲಯ ಬಳಸಿ. ಊಟಕ್ಕೆ ಮೊದಲು, ಶೌಚದ ನಂತರ ಸೋಪಿನಿಂದ ಕೈ ತೊಳೆಯಿರಿ. ಹಸಿ ತರಕಾರಿಯನ್ನು ಚೆನ್ನಾಗಿ ತೊಳೆದು ತಿನ್ನಿ. ಮಾಂಸವನ್ನು ಪೂರ್ತಿ ಬೇಯಿಸಿ.